ಸಿಗ್ನಲ್ ಮೂಲೆಯ ಮಲ್ಲಿಗೆ, ಅಕ್ಕನ ಉಸಿರು

ಆ ಮೂಲೆಗೆ ನಾನು ಕೊಟ್ಟದ್ದು ನನ್ನ ಹೊಲಿಗೆ ಯಂತ್ರ, ಅಕ್ಕನ ಬೆಳ್ಳಿ ಕಾಲ್ಗೆಜ್ಜೆ, ಜೊತೆಗೆ ಒಂದು ಮಾತು: ಜಾಗ ಬಿಟ್ಟುಕೊಟ್ಟ ಮುದುಕನ ಮನೆದೇವರಿಗೆ ಪ್ರತಿ ಶುಕ್ರವಾರದ ಮಾಲೆ ನಮ್ಮದು. ಯಂತ್ರದ ಬಗ್ಗೆ, ಮಾಲೆಯ ಬಗ್ಗೆ ನನ್ನ ತಕರಾರಿಲ್ಲ. ಆ ಕಾಲಕ್ಕೆ ಮೆಹದಿಪಟ್ಟಣಂ ಸಿಗ್ನಲ್ಲಿನಲ್ಲಿ ಹೂವಿನ ಬುಟ್ಟಿ ಇಡುವಷ್ಟು ಜಾಗ ಅಷ್ಟು ಬಾಳುತ್ತಿತ್ತು. ಕಾಲ್ಗೆಜ್ಜೆ ಮಾತ್ರ ಹೆಚ್ಚಿಗೆ ಹೋಯಿತು. ಅದು ಯಾಕೆ ಹೋಯಿತು ಅಂತ ನನಗೆ ತಿಳಿಯಲು ವರ್ಷಗಳೇ ಬೇಕಾದವು. ತಿಳಿದದ್ದನ್ನು ನಿಮಗೆ ಪುಕ್ಕಟೆ ಕೊಡುತ್ತಿದ್ದೇನೆ, ತಗೊಳ್ರಿ.

ನಾವು ರಾಯಚೂರಿನ ಕಡೆಯವರು. ಭಾವನಿಗೆ ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ಕೆಲಸವಾಯಿತೆಂದು ಅಕ್ಕ ಹೈದರಾಬಾದಿಗೆ ಬಂದಳು. ಭಾವ ತೀರಿಕೊಂಡ ಮೇಲೆ ಅವಳಿಗೆ ಜೊತೆಯಾಗಲಿ ಎಂದು ನಾನು ಬಂದೆ. ನಾಲ್ಕು ದಿನ ಇದ್ದು ಹೋಗಲು ಬಂದವಳು ಇಲ್ಲಿಯವಳೇ ಆದೆ. ಅಕ್ಕನ ಬೆರಳಿಗೆ ಹೂ ಕಟ್ಟುವುದು ಗೊತ್ತಿತ್ತು, ನನ್ನ ನಾಲಿಗೆಗೆ ಬೆಲೆ ಇಳಿಸುವುದು ಗೊತ್ತಿತ್ತು. ನಸುಕಿನಲ್ಲಿ ನಾನು ಮಾರ್ಕೆಟ್ಟಿಗೆ ಹೋಗಿ ಮಲ್ಲಿಗೆ ಮೊಗ್ಗು ತರುವುದು, ಮಧ್ಯಾಹ್ನ ಅವಳು ಕಟ್ಟುವುದು, ಬಿಸಿಲು ಇಳಿದ ಮೇಲೆ ಇಬ್ಬರೂ ಮಾರುವುದು. ಮೊದಲು ಓಣಿಗಳಲ್ಲಿ ಬಾಗಿಲಿನಿಂದ ಬಾಗಿಲಿಗೆ ತಿರುಗುತ್ತಿದ್ದೆವು. ಸಿಗ್ನಲ್ಲಿಗೆ ಬಂದದ್ದು ನಮ್ಮ ಪಾಲಿಗೆ ದೊಡ್ಡ ಬಡ್ತಿ.

ರಸ್ತೆಯಲ್ಲಿ ಮಾರುವವರು ಜಾಗಕ್ಕೆ ಬೆಲೆ ಕಟ್ಟುವ ರೀತಿಯೇ ಬೇರೆ. ನೆರಳು ಎಷ್ಟು, ನೀರು ಎಲ್ಲಿ ಅಂತ ಯಾರೂ ಮೊದಲು ಕೇಳುವುದಿಲ್ಲ. ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ ಅಂತ ಕೇಳುತ್ತಾರೆ. ಕೆಂಪು ದೀಪ ಉದ್ದವಿದ್ದಷ್ಟೂ ಜಾಗ ತುಟ್ಟಿ. ಓಡುವ ಕಾರಿಗೆ ಹೂ ಮಾರಲು ಬರುವುದಿಲ್ಲ, ನಿಂತು ಗುರುಗುಟ್ಟುವ ಕಾರಿಗೆ ಬರುತ್ತದೆ. ಆಗಿನ್ನೂ ಊರ ಆಚೆಯ ಬಂಡೆಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಲ್ಲಿಗೆ ಹೋಗುವ ಕಂಪನಿ ಬಸ್ಸು, ಕ್ಯಾಬು, ಹೊಸ ಕಾರು, ಎಲ್ಲವೂ ನಮ್ಮ ಮೂಲೆಯಲ್ಲೇ ನಿಂತು ಮುಂದೆ ಹೋಗಬೇಕು. ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಬೆಂಗಳೂರಿನ, ಮೈಸೂರಿನ, ಮಂಗಳೂರಿನ ಹುಡುಗಿಯರು ಕಿಟಕಿಯ ಗಾಜು ಇಳಿಸಿ ಕೈ ಚಾಚುತ್ತಿದ್ದರು. ಕನ್ನಡ ಕೇಳಿದರೆ ಇನ್ನೊಂದು ಮೊಳ ಹೆಚ್ಚಿಗೆ ಕೊಳ್ಳುತ್ತಿದ್ದರು.

ಆ ಮೂಲೆಯಲ್ಲಿ ಮೊದಲು ಮಾಲೆ ಕಟ್ಟಿಕೊಂಡು ಕೂತಿದ್ದವನು ಒಬ್ಬ ತೆಲುಗು ಮುದುಕ. ಜಾಗ ಬಿಡುತ್ತಾನೆ ಅಂತ ಸುದ್ದಿ ಬಂದ ದಿನವೇ ಅಕ್ಕನನ್ನು ಎಬ್ಬಿಸಿಕೊಂಡು ಹೋದೆ. ಮಾತು ಬಲ್ಲವರಿಗೆ ಗೊತ್ತು, ಚೌಕಾಸಿಯಲ್ಲಿ ಗೆಲ್ಲುವವರು ಸುಮ್ಮನಿರುವವರು. ನಾನು ಯಂತ್ರ ಕೊಡುತ್ತೇನೆ ಅಂದೆ. ಮುದುಕ ಸುಮ್ಮನಿದ್ದ. ರಸ್ತೆಯ ಕಡೆ ನೋಡುತ್ತ, ಎದೆಯ ಮೇಲೆ ಒಂದು ಕೈ ಇಟ್ಟುಕೊಂಡು, ತುಟಿ ಸ್ವಲ್ಪ ತೆರೆದು, ಇವಳು ಇನ್ನೂ ಏನು ಕೊಡುತ್ತಾಳೆ ನೋಡೋಣ ಎನ್ನುವ ಹಾಗೆ. ಶುಕ್ರವಾರದ ಮಾಲೆ ಸೇರಿಸಿದೆ. ಮತ್ತೂ ಸುಮ್ಮನಿದ್ದ. ಮಾರ್ಕೆಟ್ಟಿನ ದೊಡ್ಡ ದೊಡ್ಡ ದಲಾಲರ ಮುಂದೆ ತುಟಿ ಹೊಲಿದುಕೊಂಡು ಕೂತವಳು ನಾನು. ಅವತ್ತು ಆ ಮುದುಕನ ಮುಂದೆ ಹಾಗೆ ಕೂರಲಾಗಲಿಲ್ಲ. ನನ್ನ ಕಣ್ಣು ಅಕ್ಕನ ಕಾಲಿನ ಮೇಲೆ ಹೋಯಿತು.

ಗೆಜ್ಜೆ ಅವನ ಕೈ ಸೇರಿದ ಮೇಲೆ “ಸರೇ ಬಿಡ್ಡಾ” ಅಂದ. ಆಗಲಿ ಮಗಳೇ, ಅಂತ. ಅಷ್ಟೇ.

ಬರುವಾಗ ಅಕ್ಕ ಬರಿಗಾಲು ನೋಡಿಕೊಂಡು ಅಂದಳು, “ಏನ್ ಗಟ್ಟಿ ಮುದುಕ ಅದಾನ, ತಂಗಿ. ಬಾಯಿ ಬಿಡಲಿಲ್ಲ ನೋಡು.”

“ನೀ ಕಾಲು ಚಾಚಿ ಕುಂತಿದ್ದಿ, ಅದಕ್ಕ ಹೋತು. ಸೀರಿ ಒಳಗ ಮುಚ್ಕೊಂಡಿದ್ರ ಉಳೀತಿತ್ತು.”

“ಹೌದೌದು. ನಿನ್ನ ನಾಲಿಗಿ ತಪ್ಪಿಲ್ಲ, ನನ್ನ ಕಾಲಿನ ತಪ್ಪು.”

ಈಗ ಕಣ್ಣು ಮುಚ್ಚಿದರೆ ಆ ಸಂಜೆಗಳು ಬೇರೆ ಯಾರೋ ಕಂಡ ಕನಸಿನ ಹಾಗೆ ಬರುತ್ತವೆ. ಬುಡದ ಕಲ್ಲಿನ ಮೇಲೆ ನಾವು, ತಲೆಯ ಮೇಲೆ ಬೇವಿನ ಮರ. ಅದರ ಎಲೆ ಹಸಿರಲ್ಲ, ಬಳಸಿ ಬಿಟ್ಟ ಮಸಿಬಟ್ಟೆಯ ಬಣ್ಣ. ಮಳೆ ಬಂದ ಮರುದಿನ ಮಾತ್ರ ಹಸಿರು ಕಾಣುತ್ತಿತ್ತು. ರಾತ್ರೋರಾತ್ರಿ ಯಾರೋ ಮರ ಬದಲಿಸಿ ಹೋದರೇನೋ ಅನ್ನಿಸುತ್ತಿತ್ತು. ದೀಪ ಕೆಂಪಾದಾಗ ಗಾಡಿಗಳು ಕೆರೆಗೆ ಬಂದ ದನಗಳ ಹಾಗೆ ಒಂದರ ಹಿಂದೊಂದು ಬಂದು ನಿಲ್ಲುತ್ತಿದ್ದವು, ಮೈ ನಡುಗಿಸುತ್ತ, ಬಿಸಿ ಉಸಿರು ಬಿಡುತ್ತ. ಅವುಗಳ ಹಿಂದಿನಿಂದ ನೀಲಿ ಹೊಗೆ ಎದ್ದು ಹರಡುತ್ತಿತ್ತು. ದೀಪಗಳು ಅದರೊಳಗೆ ಕರಗಿ ಕೆಂಪು ಹಳದಿ ಹೂಗಳಾಗುತ್ತಿದ್ದವು. ಹೊಗೆ ಚಂದ ಕಾಣುತ್ತಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಾನು ಅದನ್ನು ನೋಡುತ್ತ ಅರೆನಿದ್ದೆಗೆ ಹೋಗುತ್ತಿದ್ದೆ. ಆ ಮಂಪರಿಗೂ ಹೊಗೆಯೇ ಕಾರಣವಿರಬೇಕು ಎಂದು ಆಗ ಹೊಳೆಯಲಿಲ್ಲ.

ಅಕ್ಕನ ಕೂಗು ನನ್ನನ್ನು ಎಚ್ಚರಿಸುತ್ತಿತ್ತು. “ಮಲ್ಲೆ ಪೂಲೂ…” ಎಂದು ತೆಲುಗಿನ ಮಲ್ಲಿಗೆಯನ್ನು ಒಂದೇ ಉಸಿರಿನಲ್ಲಿ ಎಳೆದರೆ, ಆ ಕೂಗು ನಿಂತ ಗಾಡಿಗಳ ಸಾಲಿನುದ್ದಕ್ಕೂ ಹಗ್ಗ ಬಿಟ್ಟ ಹಾಗೆ ಹೋಗಿ ಕೊನೆಯ ಬಸ್ಸಿನ ಕಿಟಕಿಗೆ ಮುಟ್ಟುತ್ತಿತ್ತು. ಆ ಬಸ್ಸಿನಿಂದ ಒಂದು ಕೈ ಹೊರಬರುತ್ತಿತ್ತು. ನಾನು ಬುಟ್ಟಿ ಎತ್ತಿಕೊಂಡು ಗಾಡಿಗಳ ನಡುವೆ ಓಡುತ್ತಿದ್ದೆ.

ಹೂವಿಗೆ ಹೊಗೆ ತಾಗಿದರೆ ಬೇಗ ಕಂದುತ್ತದೆ. ಹಾಗಾಗಿ ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸುವುದು ನಮ್ಮವರ ರೂಢಿ. ಗಿರಾಕಿ ಬಂದಾಗ ಒಂದು ಮೂಲೆ ಸರಿಸಿ, ಬೇಕಾದಷ್ಟು ಎಳೆದು, ಮತ್ತೆ ಮುಚ್ಚಬೇಕು, ಕೂಸಿಗೆ ಹೊದಿಸಿದ ಹಾಗೆ. ಬಿಳೀ ಬಟ್ಟೆ ಮನೆಗೆ ಹೋಗುವ ಹೊತ್ತಿಗೆ ಒಲೆ ಒರೆಸಿದ ಅರಿವೆ ಆಗಿರುತ್ತಿತ್ತು. ಅಕ್ಕ ಅದನ್ನು ಕಲ್ಲಿಗೆ ಬಡಿದು ತೊಳೆಯುತ್ತಿದ್ದಳು; ಕರೀ ನೀರು ಬಚ್ಚಲಿಗೆ ಹೋಗುತ್ತಿತ್ತು. ಹೂವನ್ನು ಎಷ್ಟು ಚೆನ್ನಾಗಿ ಕಾಪಾಡಿದೆವು ಅಂತ ಇಬ್ಬರಿಗೂ ಹೆಮ್ಮೆ. ಅದರ ಪಕ್ಕದಲ್ಲೇ ನಮ್ಮ ಮೂಗು ಬಾಯಿ ಬಯಲಿನಲ್ಲಿ ಬಿದ್ದಿವೆ ಅನ್ನುವುದು ಇಬ್ಬರ ತಲೆಗೂ ಬರಲಿಲ್ಲ.

ನಮಗೆ ಅಂತ ಇದ್ದದ್ದು ಬೆಲ್ಲ. ಅಂಗಡಿ ಎತ್ತುವ ಮುಂಚೆ ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳುವುದು. ಬೆಲ್ಲ ಹೊಗೆಯನ್ನು ಹಿಡಿದು ಕೆಳಗೆ ಇಳಿಸುತ್ತದೆ ಅಂತ ಸಿಗ್ನಲ್ಲಿನ ಎಲ್ಲರ ನಂಬಿಕೆ. ಟ್ರಾಫಿಕ್ ಪೊಲೀಸಪ್ಪ ಸಹ ಕೈಗವಸು ತೆಗೆದು ಅಂಗೈ ಚಾಚುತ್ತಿದ್ದ. “ಅಮ್ಮಾ, ನನ್ನ ಔಷಧಿ” ಅನ್ನುತ್ತಿದ್ದ, ಹಿಂದಿಯಲ್ಲಿ. ಅವನ ಕೆಮ್ಮು ಅವನ ಸೀಟಿಗಿಂತ ದೂರ ಕೇಳುತ್ತಿತ್ತು.

ಆಮೇಲೆ ನಮ್ಮ ರಸ್ತೆಯ ತಲೆಯ ಮೇಲೆ ಉದ್ದದ ಸೇತುವೆ ಕಟ್ಟತೊಡಗಿದರು. ರಸ್ತೆ ಅರ್ಧವಾಯಿತು, ಗಾಡಿ ಇಮ್ಮಡಿಯಾಯಿತು. ಹಸಿರು ದೀಪ ಬಿದ್ದರೂ ಹೊರಡಲಾರದೆ ನಿಂತೇ ಇರುತ್ತಿದ್ದವು. ಊರೆಲ್ಲ ಶಾಪ ಹಾಕುತ್ತಿತ್ತು, ನಮ್ಮ ಬುಟ್ಟಿ ಮಾತ್ರ ಕತ್ತಲಾಗುವ ಮುಂಚೆ ಖಾಲಿ. ಜಾಗದ ಬೆಲೆ ಏರಿದೆ, ನಾನು ಎಂಥ ವ್ಯವಹಾರ ಮಾಡಿದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆ ದಿನಗಳಲ್ಲೇ ಅಕ್ಕನ ಕೂಗು ಗಿಡ್ಡವಾಗತೊಡಗಿತು. ಮೊದಲು ಬಸ್ಸಿಗೆ ಮುಟ್ಟಲಿಲ್ಲ. ಆಮೇಲೆ ನಡುವಿನ ಆಟೋಗಳವರೆಗೆ ಹೋಗಿ ಬಿದ್ದಿತು. ಕೊನೆಗೆ ಅವಳು ಕೂಗುವುದನ್ನೇ ಬಿಟ್ಟು, ಒಂದು ಮಾಲೆ ಎತ್ತಿ ಹಿಡಿದು ಗಾಳಿಯಲ್ಲಿ ಆಡಿಸತೊಡಗಿದಳು. ಗಂಟಲು ಕಟ್ಟಿದೆ ಅಂದಳು. ಧೂಳಿನಲ್ಲಿ ಯಾರ ಗಂಟಲು ಕಟ್ಟಿರಲಿಲ್ಲ? ಬೆಲ್ಲದ ಚೂರು ದೊಡ್ಡದಾಯಿತು.

ವಿಚಿತ್ರವೆಂದರೆ ವ್ಯಾಪಾರ ಕುದುರಿತು. ಮೈಸೂರಿನ ಒಬ್ಬ ಹುಡುಗಿ ಇದ್ದಳು, ಪ್ರತಿ ಸಂಜೆ ಅದೇ ಕಂಪನಿ ಗಾಡಿಯಲ್ಲಿ ಬರುವವಳು. ಒಂದು ಮೊಳ ಮಲ್ಲಿಗೆಗೆ ಮನೆ ಕೊಂಡ ಹಾಗೆ ಚೌಕಾಸಿ ಮಾಡುತ್ತಿದ್ದಳು.

“ಅಕ್ಕಾ, ಇದೇನು ಮೊಳ ಇಷ್ಟು ಚಿಕ್ಕದು. ನಿಮ್ಮ ಕೈ ಸವೆದಿದೆಯಾ?”

ಅಕ್ಕ ಮಾತಾಡಲಿಲ್ಲ.

“ನಿನ್ನೆ ಇನ್ನೂ ಕಡಿಮೆಗೆ ಕೊಟ್ರಿ.”

ಅಕ್ಕ ಅವಳನ್ನೂ ನೋಡಲಿಲ್ಲ, ರಸ್ತೆಯ ಕಡೆ ನೋಡುತ್ತಿದ್ದಳು.

“ಹೋಗ್ಲಿ ಬಿಡಿ, ನಿಮ್ಮ ಮಾತೇ ಆಗ್ಲಿ. ಕೋಪ ಮಾಡ್ಕೋಬೇಡಿ,” ಎಂದು ಹುಡುಗಿ ಕೇಳಿದಷ್ಟೂ ಕೊಟ್ಟು ಹೋದಳು.

ನನಗೆ ಖುಷಿ ತಡೆಯಲಿಲ್ಲ. ಜೀವಮಾನವಿಡೀ “ತಗೋ ಹೋಗ್” ಎಂದು ಮೊದಲ ಬೆಲೆಗೇ ಕೊಟ್ಟುಬಿಡುತ್ತಿದ್ದವಳು ಅಕ್ಕ. “ಯಾವಾಗ ಕಲ್ತಿ ಇದನ್ನ? ನನ್ನ ಹೊಟ್ಟಿ ಮ್ಯಾಲ ಹೊಡೀತಿ ನೀ,” ಅಂದೆ. ಅಕ್ಕ ನಕ್ಕಳು. ಮುಂದಿನ ದಿನಗಳಲ್ಲಿ ಗಿರಾಕಿಗಳು ಅವಳ ಮೌನದ ಮುಂದೆ ಒಬ್ಬೊಬ್ಬರಾಗಿ ಸೋಲುವುದನ್ನು ನಾನು ಸಿಹಿ ತಿಂದ ಹಾಗೆ ನೋಡುತ್ತ ಕೂತೆ.

ಒಂದು ಸಂಜೆ ಹೊಗೆ ಮಂಜಿನ ಹಾಗೆ ಕೆಳಗೇ ಕೂತಿತ್ತು. ಚಳಿಗಾಲದಲ್ಲಿ ಅದು ಮೇಲೆ ಏಳುವುದಿಲ್ಲ. ಯಾರೋ ಬೆಲೆ ಕೇಳಿದರು, ಅಕ್ಕ ಸುಮ್ಮನಾದಳು, ದೀಪದ ಕೆಂಪು ಅವಳ ಮುಖದ ಮೇಲೆ ಬಿತ್ತು. ಎದೆಯ ಮೇಲೆ ಒಂದು ಕೈ. ತುಟಿ ಸ್ವಲ್ಪ ತೆರೆದಿದೆ. ಕಣ್ಣು ರಸ್ತೆಯ ಮೇಲೆ. ಈ ಚಿತ್ರವನ್ನು ನಾನು ಹಿಂದೆ ನೋಡಿದ್ದೆ, ಇದೇ ಮರದ ಕೆಳಗೆ, ಇದೇ ಕಲ್ಲಿನ ಮೇಲೆ. ಮುದುಕ ಹಟ ಹಿಡಿದು ಸುಮ್ಮನಿರಲಿಲ್ಲ. ಮುಂದಿನ ಮಾತಿಗೆ ಉಸಿರು ಹುಡುಕುತ್ತಿದ್ದ. ನಾನು ಆ ಹುಡುಕಾಟದ ಒಳಗೆ ಒಂದೊಂದೇ ವಸ್ತು ಹಾಕುತ್ತ ಹೋಗಿದ್ದೆ.

ದೀಪ ಹಸಿರಾಯಿತು. ಗಾಡಿಗಳು ಹೋದವು. ಅಕ್ಕ ಆಮೇಲೆ ಬೆಲೆ ಹೇಳಿದಳು, ಕೇಳಲು ಯಾರೂ ಇರಲಿಲ್ಲ.

ಮರುದಿನ ಎದೆ ರೋಗದ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಅಕ್ಕನ ಬಾಯಿಗೆ ಒಂದು ನಳಿಗೆ ಕೊಟ್ಟು ಜೋರಾಗಿ ಊದಲು ಹೇಳಿದರು. ಅಕ್ಕ ಊದಿದಳು. ಮತ್ತೆ ಊದಲು ಹೇಳಿದರು. ಬೀಡಿ ಸೇದುತ್ತೀರಾ ಎಂದು ಹಿಂದಿಯಲ್ಲಿ ಕೇಳಿದಾಗ ಅಕ್ಕ ನನ್ನ ಕಡೆ ತಿರುಗಿ, “ಏನ್ ಕೇಳ್ತಾಳ ನೋಡು ಈಕಿ. ನನ್ನ ಮಾರಿ ಮ್ಯಾಲ ಬೀಡಿ ಬರದೈತೇನು?” ಅಂದಳು. ಮನೆಯಲ್ಲಿ ಕಟ್ಟಿಗೆ ಒಲೆಯಾ? ಅಲ್ಲ, ಗ್ಯಾಸು. ಹಾಗಾದರೆ ದಿನಾ ಎಲ್ಲಿ ಕೂರುತ್ತೀರಿ? ನಾನೇ ಉತ್ತರಿಸಿದೆ. ಮೆಹದಿಪಟ್ಟಣದಲ್ಲಿ ಎಲ್ಲಕ್ಕಿಂತ ಒಳ್ಳೆಯ ಮೂಲೆ ನಮ್ಮದು, ಗಾಡಿ ಅಲ್ಲಾಡುವುದೇ ಇಲ್ಲ ಅಂದೆ. ಅಭ್ಯಾಸ ನೋಡ್ರಿ, ಹೇಳುವಾಗ ದನಿಯಲ್ಲಿ ಹೆಮ್ಮೆಯೇ ಬಂತು.

ಡಾಕ್ಟರಮ್ಮ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. ಶ್ವಾಸನಾಳಗಳು ಕಿರಿದಾಗಿವೆ, ಬಾಯಿಂದ ಎಳೆದುಕೊಳ್ಳುವ ಪಂಪ್ ಕೊಡುತ್ತೇನೆ, ದಿನಾ ತಪ್ಪದೆ ತಗೊಳ್ಳಬೇಕು ಅಂದರು. ಹೋದ ಶಕ್ತಿ ಪೂರ್ತಿ ಮರಳುತ್ತದೆ ಅಂತ ಮಾತು ಕೊಡಲಾರೆ; ಉಳಿದದ್ದನ್ನು ಉಳಿಸಿಕೊಳ್ಳಬಹುದು, ಆದರೆ ಆ ಮೂಲೆಯಲ್ಲಿ ಕೂತು ಅಲ್ಲ. ಬೆಲ್ಲದ ವಿಷಯ ಕೇಳಿದೆ. ಬೆಲ್ಲ ಹೊಟ್ಟೆಗೆ ಹೋಗುತ್ತದೆ, ಹೊಗೆ ಹೋಗುವ ದಾರಿ ಬೇರೆ ಎಂದು ಬೆರಳಿನಿಂದ ತಮ್ಮ ಕೊರಳ ಮೇಲೇ ಎರಡು ಗೆರೆ ಎಳೆದು ತೋರಿಸಿದರು.

ಶುಕ್ರವಾರ ಮಾಲೆ ಹಿಡಿದು ಮುದುಕನ ಮನೆಗೆ ಹೋದೆ, ಎಂದಿನ ಹಾಗೆ ಹೊಸ್ತಿಲಲ್ಲೇ ಕೊಟ್ಟು ತಿರುಗದೆ ಒಳಗೆ. ಅವನು ಮಂಚದ ಮೇಲೆ ದಿಂಬುಗಳಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ನಿದ್ದೆ ಮಾಡುತ್ತಿದ್ದ. ಮೂಲೆಯ ವಿಷಯ ಮೊದಲೇ ಯಾಕೆ ಹೇಳಲಿಲ್ಲ ತಾತಾ ಅಂದೆ. ಅವನ ತೆಲುಗು ತುಂಡು ತುಂಡಾಗಿ ಬಂತು.

“ಹೇಳಲು ಬಿಟ್ಟೆಯಾ ಬಿಡ್ಡಾ. ಉಸಿರು ತಗೊಂಡು ಬಾಯಿ ತೆರೆಯುವಷ್ಟರಲ್ಲಿ… ಇನ್ನೊಂದು ಸಾಮಾನು ಇಡುತ್ತಿದ್ದೆ ನೀನು. ನಾನು ಮೆಷೀನಿಗೇ ಒಪ್ಪಿದ್ದೆ.”

ಇಬ್ಬರೂ ನಕ್ಕೆವು. ಅವನಿಗೆ ನಗು ಕೆಮ್ಮಾಯಿತು. ಗೆಜ್ಜೆ ಅವನ ಔಷಧಿಗೆ ಹೋಗಿ ಯಾವ ಕಾಲವಾಗಿತ್ತೋ.

ಇನ್ನು ಉಳಿದದ್ದು ಅಕ್ಕನ ಜೊತೆಗಿನ ಚೌಕಾಸಿ. ಅದಕ್ಕಿಂತ ಕಠಿಣವಾದದ್ದನ್ನು ನಾನು ಯಾವ ಮಾರ್ಕೆಟ್ಟಿನಲ್ಲೂ ಮಾಡಿಲ್ಲ.

“ಮೂಲಿ ಬಿಡೂಣು ಅಕ್ಕ.”

“ಬಿಟ್ಟು? ಬುಟ್ಟಿ ಹೊತ್ಕೊಂಡು ಮತ್ತ ಓಣಿ ಓಣಿ ತಿರಗೂದೇನು?”

“ತಿರಗೂದು ಬ್ಯಾಡ. ಒಳಗಿನ ಸಂದ್ಯಾಗ ಔಷಧಿ ಅಂಗಡಿ ಬಾಜೂಕ ಒಂದು ಕಟ್ಟಿ ಐತಿ. ಮಾತಾಡಿ ಬಂದೀನಿ.”

“ಅಲ್ಲಿ ಹೂ ತಗೊಳ್ಳಾಕ ಯಾರ್ ಬರ್ತಾರ? ಬೆಕ್ಕು ಬರ್ತಾವ.”

“ಬೆಕ್ಕಿಗೂ ಮಾರ್ತೀನಿ ನಾ.”

“ಮಾರ್ತಿ, ಮಾರ್ತಿ. ನನ್ನ ಗೆಜ್ಜಿ ಮಾರಿದಾಕಿ.” ಅವಳು ಎದ್ದು ನೀರು ಕುಡಿದು ಬಂದು ಕೂತಳು. ಅಷ್ಟು ಹೆಜ್ಜೆಗೇ ಭುಜ ಏರಿಳಿಯಿತು. “ಆ ಪಂಪಂತೂ ಮುಟ್ಟಂಗಿಲ್ಲ. ಒಮ್ಮೆ ಹಿಡದ್ರ ಬಿಡಾಕ ಬರಂಗಿಲ್ಲಂತ ಎಲ್ಲಾರೂ ಹೇಳ್ತಾರ. ಚಟ ಹತ್ತತೈತಿ.”

“ಉಸಿರಿನ ಚಟ ಹುಟ್ಟಿದಾಗಿಂದ ಐತಿ ನಿನಗ.”

ಅದಕ್ಕೂ ಅವಳು ಬಗ್ಗಲಿಲ್ಲ. ಆಗ ನಾನು ಬಾಯಿ ಮುಚ್ಚಿದೆ. ಗೊತ್ತಿದ್ದ ಒಂದೇ ವಿದ್ಯೆ ಅದು. ಅವಳ ಮುಂದೆ ಕಾಲು ಮಡಚಿ ಕೂತು, ಒಂದು ಮಾತೂ ಆಡದೆ ಅವಳ ಉಸಿರು ಕೇಳಿದೆ. ದೂರದಲ್ಲಿ ಯಾರೋ ಬಾಗಿಲು ತೆರೆದು ಮುಚ್ಚುವ ಹಾಗೆ ಸಣ್ಣ ಸೀಟಿ ಅದರೊಳಗೆ ಕೇಳುತ್ತಿತ್ತು. ಅವಳಿಗೂ ಅದು ಕೇಳಿಸಿರಬೇಕು. ಸಂತೆಯಂಥ ಸಿಗ್ನಲ್ಲಿನಲ್ಲಿ ಅಷ್ಟು ವರ್ಷ ಕೇಳಿಸದೇ ಇದ್ದದ್ದು.

“ಏನರ ಮಾತಾಡ ಹುಚ್ಚಿ,” ಅಂದಳು ಕೊನೆಗೆ. ನಾನು ಮಾತಾಡಲಿಲ್ಲ.

“ಆತು. ಆದ್ರ ಗಾಡಿ ಕಾಣೂ ಕಡಿ ಮಾರಿ ಮಾಡಿ ಕೂಡಾಕಿ ನಾ. ಗ್ವಾಡಿ ನೋಡ್ಕೋಂತ ಕೂಡಂಗಿಲ್ಲ.”

ಸುಮ್ಮನಿದ್ದೆ.

“ಪಂಪ್ ತಗೋತೀನಿ. ಮಂದಿ ಮುಂದ ಅಲ್ಲ.”

ಮತ್ತೂ ಸುಮ್ಮನಿದ್ದೆ.

“ನನ್ನ ಗೆಜ್ಜಿ ನನಗ ಬೇಕು. ಹಳೀವು ಇರದಿದ್ರ ಹೊಸಾವು.”

“ಆತು,” ಅಂದೆ. ಗೆಜ್ಜೆ ಕೊಳ್ಳುವಾಗ ಬೆಳ್ಳಿ ಅಂಗಡಿಯವನು ಹೇಳಿದ ಬೆಲೆಗೇ ತಂದೆ. ಜೀವನದಲ್ಲಿ ಅದೊಂದೇ ಸಲ.

ಮೂಲೆ ಖಾಲಿ ಉಳಿಯಲಿಲ್ಲ. ನಾವು ಬುಟ್ಟಿ ಎತ್ತುತ್ತಿದ್ದಂತೆ ಒಬ್ಬ ಹೊಸಬ ಬಂದು ನಿಂತ, ಮೊಬೈಲ್ ಕವರು ಮಾರುವವನು. ಇಲ್ಲಿ ಕೂತರೆ ಎದೆ ಕೆಡುತ್ತದೆ, ನನ್ನ ಅಕ್ಕನನ್ನು ನೋಡು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಎಲ್ಲ ಬಲ್ಲವನ ಹಾಗೆ ನಕ್ಕು, “ಜಾಗ ಬಿಟ್ಟುಕೊಡಲು ಮನಸ್ಸಿಲ್ಲ ಅಲ್ಲವಾ ಅಮ್ಮಾ? ಎಷ್ಟಕ್ಕೆ ಕೊಡುತ್ತೀರಿ ಹೇಳಿ,” ಅಂದ. ಏನೂ ಬೇಡ ಅಂದೆ. ಅವನ ಅನುಮಾನ ಇನ್ನೂ ಗಟ್ಟಿಯಾಯಿತು.

ಸಂದಿಯಲ್ಲಿ ವ್ಯಾಪಾರ ನಿಧಾನ. ಮೊದಲ ತಿಂಗಳು ನಿಜವಾಗಿಯೂ ಬೆಕ್ಕೇ ಬಂತು. ಆಮೇಲೆ ನಾನು ಕಂಪನಿಗಳ ಸ್ವಾಗತದ ಮೇಜಿಗೆ, ಹೊಸ ಅಪಾರ್ಟ್‌ಮೆಂಟುಗಳ ಗೃಹಪ್ರವೇಶಕ್ಕೆ ಹೂ ಒಪ್ಪಿಸುವುದು ಹಿಡಿದುಕೊಂಡೆ. ಈಗ ಅದೇ ನಮ್ಮ ಊಟ. ಮೈಸೂರಿನ ಹುಡುಗಿ ಗಾಡಿ ನಿಲ್ಲಿಸಿ ನಡೆದು ಬರುತ್ತಾಳೆ, ಚೌಕಾಸಿ ಬಿಟ್ಟಿಲ್ಲ. ಅಕ್ಕ ಗೋಡೆಯ ಕಡೆ ತಿರುಗಿ ಪಂಪ್ ಎಳೆದುಕೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡು ಈ ಕಡೆ ತಿರುಗುತ್ತಾಳೆ. ಬಸ್ಸಿಗೆ ಮುಟ್ಟುವ ಆ ಕೂಗು ಮರಳಲಿಲ್ಲ. ಅದು ಎಲ್ಲೋ ಆ ಬೇವಿನ ಎಲೆಗಳ ಮೇಲೆ ಕೂತಿರಬೇಕು ಅಂತ ಕೆಲವು ಸಂಜೆ ಅನ್ನಿಸುತ್ತದೆ. ಆದರೆ ಅವಳು ಎದ್ದು ನೀರಿಗೆ ಹೋದರೆ ಗೆಜ್ಜೆ ಕೇಳುತ್ತದೆ, ಹೋಗುವಾಗಲೂ ಬರುವಾಗಲೂ, ನಡುವೆ ನಿಲ್ಲದೆ. ನಾನು ಹೂ ಅಳೆಯುತ್ತಾ ಅದನ್ನು ಕೇಳುತ್ತೇನೆ.

ಈಗ ನನ್ನ ಮಾತು ಸ್ವಲ್ಪ ಕೇಳ್ರಿ. ರಸ್ತೆಯಲ್ಲಿ ಕೂತು ದುಡಿಯುವವರಾದರೆ, ಜಾಗ ನೋಡುವ ಮುಂಚೆ ಮರ ನೋಡ್ರಿ. ಎಲೆಯ ಮೇಲೆ ಬೆರಳು ಎಳೆದಾಗ ಮಸಿ ಬಂದರೆ ಅದೇ ನಿಮ್ಮ ಎದೆಯೊಳಗೂ ಕೂರುತ್ತದೆ. ಗಾಡಿ ನಿಂತು ಗುರುಗುಟ್ಟುವ ಕಡೆಯಿಂದ ಹತ್ತಿರದ ಸಂದಿಗೆ ಸರಿದರೂ ಎಷ್ಟೋ ಉಳಿಯುತ್ತದೆ. ಸರಿಯಲು ಆಗದಿದ್ದರೆ ದಟ್ಟಣೆಯ ಹೊತ್ತಿನಲ್ಲಾದರೂ ಹಿಂದಕ್ಕೆ ಹೋಗ್ರಿ. ಕರವಸ್ತ್ರ, ಒದ್ದೆ ಬಟ್ಟೆ ಧೂಳು ತಡೆಯಬಹುದು, ಹೊಗೆಯೊಳಗಿನ ಸಣ್ಣ ಕಣ ತಡೆಯುವುದಿಲ್ಲ. ಔಷಧಿ ಅಂಗಡಿಯಲ್ಲಿ ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಕೇಳ್ರಿ. ಬೆಲ್ಲ ರುಚಿಗೆ ತಿನ್ರಿ. ಕೆಮ್ಮು ಎರಡು ವಾರ ದಾಟಿದರೆ, ಮಾತಿನ ನಡುವೆ ಉಸಿರಿಗೆ ನಿಲ್ಲಬೇಕಾಗಿ ಬಂದರೆ, ಆಸ್ಪತ್ರೆಗೆ ಹೋಗಿ ಊದಿ ಬರ್ರಿ. ಎಲ್ಲಿ ಕೂತು ದುಡಿಯುತ್ತೀರಿ ಎನ್ನುವುದನ್ನು ಅವರು ಕೇಳದಿದ್ದರೂ ಹೇಳ್ರಿ. ಪಂಪ್ ಚಟವಲ್ಲ, ಡಾಕ್ಟರನ್ನು ಕೇಳದೆ ಬಿಡಬ್ಯಾಡ್ರಿ. ಯಾರಾದರೂ ಒಳ್ಳೆಯ ಜಾಗ ಮಾರುತ್ತಿದ್ದರೆ ಯಾಕೆ ಮಾರುತ್ತೀರಿ ಅಂತ ಕೇಳಿ, ಅವರು ಉಸಿರು ತಗೊಂಡು ಉತ್ತರಿಸುವ ತನಕ ಕಾಯ್ರಿ.

ಇನ್ನು ಕಾರಿನೊಳಗೆ ಕೂತು ಇದನ್ನು ಓದುವವರು ಇದ್ದರೆ, ಸಿಗ್ನಲ್ಲಿನಲ್ಲಿ ಹೂ ಕೊಳ್ಳುವ ಮುಂಚೆ ಇಂಜಿನ್ ಆರಿಸ್ರಿ. ಆಮೇಲೆ ಬೇಕಾದಷ್ಟು ಚೌಕಾಸಿ ಮಾಡ್ರಿ, ನಾವೇನೂ ಬೇಡ ಅನ್ನುವುದಿಲ್ಲ.